ಕಕ್ಕೆ ಗಿಡಕ್ಕೆ ಅರಿಶಿನ ದಾರ

ಉಜ್ಜಿನಿ ರಸ್ತೆ, ಕೊಟ್ಟೂರು ತಾಲ್ಲೂಕು
ಸೋಮವಾರ, ೫ ಮೇ ೨೦೨೫

ಮಗಳು ಸೌಭಾಗ್ಯಳಿಗೆ ನಿನ್ನವ್ವನ ಆಶೀರ್ವಾದ.

ಇವತ್ತು ಸೋಮವಾರದ ಒಪ್ಪತ್ತು. ಕತ್ತಲಿರುವಾಗಲೇ ಎದ್ದು ಕುರಿಹಟ್ಟಿಯ ಹಿಕ್ಕೆ ಗುಡಿಸಿ, ಅಂಗಳಕ್ಕೆ ಸಗಣಿ ನೀರು ಹಾಕಿ, ನಲ್ಲಿಯ ಮುಂದೆ ಹಂಪಮ್ಮನ ಜೊತೆ ಕೊಡದ ಪಾಳಿಗಾಗಿ ಒಂದು ಸುತ್ತು ಜಗಳ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಮರುಳಸಿದ್ಧನಿಗೆ ದೀಪ ಹಚ್ಚಿದೆ. ಇಷ್ಟು ನಾನು ಮದುವೆಯಾಗಿ ಬಂದ ದಿನದಿಂದ ಮಾಡುತ್ತಿರುವ ಕೆಲಸ. ಈಗ ಇದರ ಮೇಲೆ ನೀನು ಇನ್ನೊಂದು ಹೇರಿ ಹೋಗಿದ್ದೀಯ. ಹೊಲದ ಬದುವಿಗೆ ಹೋಗಿ ಕಕ್ಕೆ ಗಿಡದ ಹೂ ಎಣಿಸುವುದು.

ಸಸ್ಯೋದ್ಯಾನದಲ್ಲಿ ಎರಡು ತಿಂಗಳು ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್ ಅಂದೆ. ಕಾಲೇಜಿನಿಂದ ನಾನೊಬ್ಬಳೇ ಆಯ್ಕೆಯಾಗಿದ್ದೇನೆ ಅಂದೆ. ಸಂತೋಷ. ಅಲ್ಲಿ ದಿನಾ ನೀರು ಕುಡಿಯುವ ಕಕ್ಕೆ, ಇಲ್ಲಿ ಬಿಸಿಲು ಕುಡಿಯುವ ಕಕ್ಕೆ, ಎರಡರಲ್ಲಿ ಯಾವುದರ ಹೂ ಎಷ್ಟು ಕಾಯಿ ಕಚ್ಚುತ್ತದೆ ಅಂತ ನೋಡುವುದೇ ನನ್ನ ಸಂಶೋಧನೆ ಅಂದೆ. ಅದೂ ಸಂತೋಷ. ಆದರೆ ಬಿಸಿಲಿನ ಕಕ್ಕೆಯನ್ನು ನೋಡಬೇಕಾದವಳು ನಾನು ಅಂತ ನೀನು ಹೇಳಿದ್ದು ಬಸ್ಸಿನ ಮೆಟ್ಟಿಲು ಹತ್ತುವಾಗ. ಮಗಳು ಹೊರಟು ನಿಂತಾಗ ಇಲ್ಲ ಅನ್ನಬಾರದು ಅಂತ ತಲೆ ಆಡಿಸಿದೆ. ನೀನೂ ಅದನ್ನು ನೋಡಿಕೊಂಡೇ ಆಗ ಹೇಳಿದ್ದೀಯ.

ಆ ಗುಡ್ಡದ ಮೇಲೆ ಫೋನ್ ಸಿಗುವುದಿಲ್ಲ. ಸಿಕ್ಕರೂ ಹಲೋ ಹಲೋ ಅನ್ನುವುದರಲ್ಲೇ ಮುಗಿಯುತ್ತದೆ. ನಿಮ್ಮ ಮೇಡಂಗೆ ಲೆಕ್ಕದ ಹಾಳೆ ಕೈಬರಹದಲ್ಲೇ ಬೇಕಂತೆ. ಹಾಗಾಗಿ ಹಾಳೆಯ ಜೊತೆ ಈ ಕಾಗದವನ್ನೂ ಕೊಟ್ರಸ್ವಾಮಿ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ತಮ್ಮ ಆ ದಾರಿಯ ಬಸ್ಸಿಗೆ ಕಂಡಕ್ಟರ್ ಆಗಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಇನ್ನೊಂದು ವಿಷಯ. ಗೊಂಚಲಿಗೆ ಗುರುತು ಕಟ್ಟಲು ನೀನು ಇಟ್ಟು ಹೋದ ನೀಲಿ ನೈಲಾನ್ ದಾರವನ್ನು ನಿಮ್ಮಪ್ಪ ಹಟ್ಟಿಯ ಬಲೆಗೆ ಹೊಲಿದುಬಿಟ್ಟಿದ್ದಾರೆ. ಕೇಳಿದರೆ, “ಅದು ಮಗಳ ದಾರ ಅಂತ ನನಗೇನ್ ಗೊತ್ತಬೇ? ಗಟ್ಟಿ ಐತಿ ಅಂತ ಹೊಲದೆ. ತೋಳ ಬಂದ್ರ ಹೂ ಎಣಿಸ್ಕಂತ ಕುಂದ್ರತೈತೇನು?” ಅನ್ನುತ್ತಾರೆ. ಅವರ ಜೊತೆ ವಾದ ಮಾಡಲು ನನಗೆ ಶಕ್ತಿ ಇಲ್ಲ. ದೇವರ ಗೂಡಿನಲ್ಲಿ ನೂಲಿನ ಉಂಡೆ ಇತ್ತು. ಬರೀ ಬಿಳಿ ದಾರವನ್ನು ಹೂಬಿಟ್ಟ ಗಿಡಕ್ಕೆ ಕಟ್ಟಲು ನನ್ನ ಕೈ ಬರುವುದಿಲ್ಲ. ಅರಿಶಿನ ಹಚ್ಚಿ, ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲೇ ಹೋಗಿ ಹೊರಡುವ ಹಿಂದಿನ ದಿನ ಯಾಕೆ ಅಂತ ಹೇಳದೆ ನೀನು ತೋರಿಸಿದ್ದ ಹತ್ತು ಗೊಂಚಲಿಗೂ ಕಟ್ಟಿ ಬಂದಿದ್ದೇನೆ. ಲೆಕ್ಕದ ಹಾಳೆ ಒಳಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿಯ ಊಟ ಸಪ್ಪೆ ಅಂತ ಗೊಣಗಬೇಡ.

ನಿನ್ನವ್ವ
ತಿಪ್ಪೇರುದ್ರಮ್ಮ


ಸಸ್ಯೋದ್ಯಾನದ ವಿದ್ಯಾರ್ಥಿ ವಸತಿ
೯ ಮೇ ೨೦೨೫

ಅವ್ವಾ,

ಹಾಳೆ ಬಂತು. ‘ಅರಳಿದ ಹೂ ಎಷ್ಟು’ ಅನ್ನುವ ಕಡೆ ಮೊದಲ ದಿನ ‘ಬಹಳ’ ಅಂತ ಬರೆದಿದ್ದೀಯ. ಎರಡನೇ ದಿನ ‘ನಿನ್ನೆಗಿಂತ ಬಹಳ’. ಮೂರನೇ ದಿನ ‘ದೇವರ ದಯೆಯಿಂದ ಚೆನ್ನಾಗಿವೆ’. ಅವ್ವಾ, ನನಗೆ ಅಂಕಿ ಬೇಕು. ಪ್ರತಿ ಗೊಂಚಲಿಗೂ ಬೇರೆ ಬೇರೆ ಅಂಕಿ. ಬಿಸಿಲೇರುವ ಮುಂಚೆ ಎಣಿಸಬೇಕು. ಉದುರಿದ್ದನ್ನು ಎಣಿಸಬಾರದು. ಗೊತ್ತಾಗದಿದ್ದರೆ ಬಾಯಿಬಿಟ್ಟು ಎಣಿಸು, ತಪ್ಪುವುದಿಲ್ಲ. ದಾರದ ಬಣ್ಣ ಯಾವುದಾದರೇನು, ಗುರುತು ಸಿಕ್ಕರೆ ಸಾಕು.

ನಿನಗೆ ಬೇಜಾರು ಅಂತ ಗೊತ್ತು. ಆದರೂ ಯಾಕೆ ಇಷ್ಟು ಪೀಡಿಸುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಜೂನ್ ಇಪ್ಪತ್ತಕ್ಕೆ ನಾವೆಲ್ಲ ಅವರವರ ಕೆಲಸವನ್ನು ಎಲ್ಲರ ಮುಂದೆ ಹೇಳಬೇಕು. ಅದರಲ್ಲಿ ಒಬ್ಬರನ್ನು ಒಂದು ವರ್ಷ ಇಲ್ಲೇ ಉಳಿಸಿಕೊಳ್ಳುತ್ತಾರೆ. ಊಟ, ವಸತಿ, ಸ್ಟೈಫಂಡ್ ಎಲ್ಲ ಅವರದ್ದೇ. ಆಮೇಲೆ ಎಂ.ಎಸ್ಸಿ.ಗೆ ಅವರೇ ಶಿಫಾರಸು ಮಾಡುತ್ತಾರೆ. ‘ಈ ಬೇಸಿಗೆ ಹೋಗಿ ಬಾ, ಅಲ್ಲಿಗೆ ಓದು ಸಾಕು’ ಅಂತ ಅಪ್ಪ ಹೇಳಿದ್ದು ನೀನೂ ಕೇಳಿದ್ದೀಯ. ನನಗೆ ಓದಲು ಉಳಿದಿರುವ ದಾರಿ ಇದೊಂದೇ. ನನ್ನ ರೂಮಿನಲ್ಲಿರುವ ಕೋಮಲಾ, ಹರಪನಹಳ್ಳಿಯವಳು, ಇಲ್ಲಿಯ ಕೊಳದ ನೈದಿಲೆಯ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅವಳ ಹೂ ಅವಳ ಕಣ್ಣೆದುರಿಗೇ ಇದೆ. ನನ್ನ ಅರ್ಧ ಕೆಲಸ ನಿನ್ನ ಕೈಯಲ್ಲಿದೆ.

ನಮ್ಮ ಮಾರ್ಗದರ್ಶಕಿ ಲಕ್ಷ್ಮಿದೇವಿ ಮೇಡಂ ಒಳ್ಳೆಯವರು. ಆದರೆ ‘ಸುಮಾರು’ ಅನ್ನುವ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತದೆ.

ನಿನ್ನ
ಸೌಭಾಗ್ಯ


ಸೋಮವಾರ, ೧೯ ಮೇ ೨೦೨೫

ಸೌಭಾಗ್ಯಳಿಗೆ ಆಶೀರ್ವಾದ.

ಹೋದ ವಾರದ ಹಾಳೆಯಲ್ಲೂ ಈ ವಾರದ ಹಾಳೆಯಲ್ಲೂ ನೀನು ಕೇಳಿದ ಹಾಗೆ ಅಂಕಿಯನ್ನೇ ಬರೆದಿದ್ದೇನೆ. ಒಂದೂ ಸುಮಾರಿನದ್ದಲ್ಲ. ಬೇಕಾದರೆ ನಿಮ್ಮ ಮೇಡಂ ಬಂದು ನನ್ನ ಪಕ್ಕದಲ್ಲಿ ನಿಂತು ಎಣಿಸಲಿ.

ಆದರೆ ನಿನ್ನ ಮಾತು ಕೇಳಿ ಬಾಯಿಬಿಟ್ಟು ಎಣಿಸಿದ್ದು ದೊಡ್ಡ ತಪ್ಪಾಯಿತು. ನಾನು ಸ್ನಾನ ಮಾಡಿ, ಏನೂ ತಿನ್ನದೆ, ಗಿಡದ ಮುಂದೆ ನಿಂತು ಮುಖ ಮೇಲೆತ್ತಿ ತುಟಿ ಆಡಿಸುವುದನ್ನು ಹಂಪಮ್ಮ ನೋಡಿದ್ದಾಳೆ. ಅವಳಿಗೆ ಕಣ್ಣು ಇರುವುದೇ ಪಕ್ಕದ ಹೊಲ ನೋಡಲು. ಬದುವಿನ ಮೇಲೆ ಬಂದು ನಿಂತಳು.

“ಏನಬೇ ರುದ್ರಮ್ಮ, ಯಾವ ಹರಕಿ?”

“ಹರಕಿ ಅಲ್ಲಬೇ. ಮಗಳು ಹೇಳ್ಯಾಳ. ಹೂ ಎಣಿಸಾಕ ಗುರ್ತು ಕಟ್ಟೀನಿ.”

“ಹೂ ಎಣಿಸಾಕ ಯಾರಾರ ಅರಿಷಿಣದ ದಾರ ಕಟ್ತಾರೇನು? ಒದ್ದಿ ಸೀರಿಲೆ ಬರ್ತಾರೇನು? ಹೇಳಾಕ ಮನಸಿಲ್ಲ ಅಂದ್ರ ಬಿಡು. ಒಬ್ಬಾಕಿನ ಪುಣ್ಯ ಕಟ್ಕ.”

ಮರುದಿನ ಹೋಗಿ ನೋಡಿದರೆ ಕೆಳಗಿನ ಕೊಂಬೆಗೆ ಇನ್ನೊಂದು ದಾರ. ಅವಳ ಸೊಸೆಗೆ ಇನ್ನೂ ಮಕ್ಕಳಾಗಿಲ್ಲ, ಅದಕ್ಕೆ. ಅದರ ಮರುದಿನ ಮೂರು. ಹೊಲ ಉಜ್ಜಿನಿಗೆ ಹೋಗುವ ದಾರಿಯಲ್ಲಿರುವುದು ನಮ್ಮ ಕರ್ಮ. ಹಗರಿಬೊಮ್ಮನಹಳ್ಳಿ ಕಡೆಯವರು ಯಾರೋ ಗಂಡ ಹೆಂಡತಿ ಬೈಕ್ ನಿಲ್ಲಿಸಿ ಕಟ್ಟಿ ಹೋದರು. ಯಾಕೆ ಕಟ್ಟಿದಿರಿ ಅಂತ ಕೇಳಿದರೆ, ಎಲ್ಲರೂ ಕಟ್ಟಿದ್ದಾರಲ್ಲ ಅಂದರು. ನಿನ್ನೆ ನಮ್ಮ ಓಣಿಯ ಅಜ್ಜಯ್ಯ ಒಂದು ಗುಂಡುಕಲ್ಲು ತಂದು ಬುಡದಲ್ಲಿಟ್ಟು ವಿಭೂತಿ ಬಳಿದಿದ್ದಾನೆ. “ಯಾಕಪಾ ಅಜ್ಜಯ್ಯ, ಇದು ಕಕ್ಕಿ ಗಿಡ, ಯಾವ ದೇವ್ರೂ ಇಲ್ಲ ಇದರಾಗ” ಅಂದೆ. “ನಿನಗ ಗೊತ್ತಿಲ್ದಂಗ ನಿನ್ ಕೈಲಿ ಕಟ್ಟಿಸ್ಯಾನ ಅವ” ಅಂದ. ನಾನು ಹೌದು ಅಂದರೂ ದೇವರು, ಅಲ್ಲ ಅಂದರೂ ದೇವರು. ಇಂಥವರ ಜೊತೆ ಏನು ಮಾತಾಡುವುದು.

ನಿಮ್ಮಪ್ಪನಿಗೆ ಮಾತ್ರ ಬಹಳ ಖುಷಿ. ಊಟಕ್ಕೆ ಕೂತಾಗಲೆಲ್ಲ, “ಪೂಜಾರ್ತಿ, ಸ್ವಲ್ಪ ಸಾರು ಹಾಕ್ರಿ” ಅನ್ನುತ್ತಾರೆ.

ನಮ್ಮ ಹತ್ತು ದಾರ ಇನ್ನೂ ಗುರುತು ಸಿಗುತ್ತಿವೆ. ಯೋಚನೆ ಮಾಡಬೇಡ.

ನಿನ್ನವ್ವ


೨೩ ಮೇ ೨೦೨೫

ಅವ್ವಾ,

ಯೋಚನೆ ಮಾಡಬೇಡ ಅಂತ ಬರೆದಿದ್ದೀಯ. ನಾನು ನಿದ್ದೆ ಮಾಡಿಲ್ಲ. ಎಲ್ಲರೂ ಅದೇ ಅರಿಶಿನ ದಾರ ಕಟ್ಟಿದರೆ ನಾಳೆ ನಮ್ಮ ಗೊಂಚಲು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಜನ ಕೊಂಬೆ ಬಗ್ಗಿಸಿದರೆ ಹೂ ತಾನಾಗಿ ಉದುರಿತೋ, ಕೈತಾಗಿ ಉದುರಿತೋ?

ದಯವಿಟ್ಟು ಇವತ್ತೇ ಹೋಗಿ ನಮ್ಮ ಹತ್ತನ್ನು ಬಿಟ್ಟು ಉಳಿದ ದಾರವನ್ನೆಲ್ಲ ಕತ್ತರಿಸಿ ಹಾಕು. ಗಿಡ ನಮ್ಮ ಹೊಲದ್ದು. ಯಾರನ್ನೂ ಕೇಳಬೇಕಾಗಿಲ್ಲ. ಕಲ್ಲನ್ನೂ ತೆಗೆದು ಬದುವಿನ ಆಚೆ ಇಡು. ದೇವರಿಗೆ ಸಿಟ್ಟು ಬರುವುದಿಲ್ಲ ಅವ್ವಾ. ನೀನು ದಾರ ಕಟ್ಟುವ ತನಕ ಅಲ್ಲಿ ದೇವರೇ ಇರಲಿಲ್ಲ.

ಸೌಭಾಗ್ಯ


ಮಂಗಳವಾರ, ೨೭ ಮೇ ೨೦೨೫

ಸೌಭಾಗ್ಯಳಿಗೆ,

ನಿನ್ನೆಯಿಂದ ಅಮಾವಾಸ್ಯೆ. ನಿನ್ನೆ ಒಪ್ಪತ್ತು, ಇವತ್ತೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಇದು ವ್ರತ ಅಲ್ಲ, ಹೊಟ್ಟೆಗೆ ಇಳಿಯುತ್ತಿಲ್ಲ.

ನಿನ್ನ ಕಾಗದ ಓದಿ ಶನಿವಾರವೇ ಕುಡುಗೋಲು ತಗೊಂಡು ಹೋದೆ. ಕತ್ತರಿಸಬೇಕು ಅಂತಲೇ ಹೋದೆ. ಗಿಡದ ಬುಡದಲ್ಲಿ ಭರಮಮ್ಮ ಕೂತಿದ್ದಳು. ಕೆಳಗಿನ ಓಣಿಯ ಭರಮಮ್ಮ, ನೀನು ಚಿಕ್ಕವಳಿದ್ದಾಗ ಬೋರೆಹಣ್ಣು ಕೊಡುತ್ತಿದ್ದವಳು. ಅವಳ ಮಗ ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾನೆ, ಲಾರಿ ಹೊಡೆದು. ಅವಳನ್ನು ಅಲ್ಲಿ ಒಳಗೆ ಬಿಡುವುದಿಲ್ಲವಂತೆ, ಸೊಸೆ ಒಬ್ಬಳೇ ಇದ್ದಾಳೆ. ನನ್ನ ಕೈಯಲ್ಲಿ ಕುಡುಗೋಲು ನೋಡಿದಳು.

“ಯಾಕವ್ವ, ಕಡೀತೀಯೇನು?” ಅಂದಳು. ಸಿಟ್ಟಿನಿಂದ ಅಲ್ಲ. ಸುಮ್ಮನೆ ಕೇಳಿದಳು.

“ಕಸ ಕೀಳಾಕ ಬಂದಿದ್ದೆ” ಅಂದೆ. ಹುಲ್ಲು ಒಂದು ಕಡ್ಡಿಯೂ ಇಲ್ಲದ ಬದು ಅದು.

“ಎಲ್ಲಾ ದೇವ್ರಿಗೂ ಬೇಡ್ಕಂಡೆ. ಉಚ್ಚಂಗೆಮ್ಮಗೂ ಹೇಳಿ ಬಂದೆ. ಇದೊಂದು ಉಳ್ದಿತ್ತು” ಅಂದಳು.

ನೀನೇ ಹೇಳು, ಅವಳ ದಾರ ನಾನು ಹೇಗೆ ಕತ್ತರಿಸಲಿ. ಅಲ್ಲಿ ದೇವರಿಲ್ಲ ಅಂತ ನೀನು ಬರೆದಿದ್ದೀಯ. ನನಗೂ ಅದು ಗೊತ್ತು, ಕಟ್ಟಿದವಳೇ ನಾನು. ಆದರೆ ಅವಳು ಬೇಡಿಕೊಂಡದ್ದು ಇದೆಯಲ್ಲ. ಬೇರೆಯವರ ಹರಕೆ ಬಿಚ್ಚುವ ಕೈ ನನಗೆ ದೇವರು ಕೊಟ್ಟಿಲ್ಲ. ಒಬ್ಬಳದ್ದು ಬಿಟ್ಟು ಉಳಿದದ್ದು ಕತ್ತರಿಸೋಣ ಅಂದರೆ ಅವಳದ್ದು ಯಾವುದು, ಹಂಪಮ್ಮನದು ಯಾವುದು?

ನಿನ್ನೆ ಅಮಾವಾಸ್ಯೆಗೆ ಉಜ್ಜಿನಿಗೆ ನಡೆದು ಹೋದವರೆಲ್ಲ ಹಾದಿಯಲ್ಲಿ ನಿಂತು ಕಟ್ಟಿದರು. ಕೈಗೆ ಸಿಕ್ಕ ಗೊಂಚಲು ಕಿತ್ತು ಪೂಜೆಗೆ ಒಯ್ದರು. ಬೇಡ ಅಂತ ಕೂಗಿದೆ. ಒಬ್ಬಳು ನನ್ನ ಕಾಲಿಗೆ ಬಿದ್ದು, ತನ್ನ ಮಗನಿಗೆ ನೌಕರಿ ಯಾವಾಗ ಆಗುತ್ತದೆ ಹೇಳಿ ಅಂದಳು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ನನ್ನ ಮಗಳದ್ದೇ ಇನ್ನೂ ಆಗಿಲ್ಲ, ಏಳವ್ವ ಮ್ಯಾಲೆ” ಅಂದೆ.

ನಮ್ಮ ಹತ್ತು ಗೊಂಚಲು ಯಾವುವು ಅಂತ ಈಗ ನನಗೆ ಗೊತ್ತಾಗುವುದಿಲ್ಲ. ಭಾನುವಾರದ ತನಕ ಎಣಿಸಿದ್ದು ಹಾಳೆಯಲ್ಲಿದೆ.

ನಿನ್ನವ್ವ


೩೧ ಮೇ ೨೦೨೫

ಅವ್ವಾ,

ಅಳುವುದೆಲ್ಲ ಅತ್ತು ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಸರಿ, ಕತ್ತರಿಸಬೇಡ. ಆದರೆ ನನಗೆ ಜೂನ್ ಹದಿನೈದರ ತನಕದ ಹಾಳೆ ಬೇಕು. ನಾನು ಬರೆದುಕೊಂಡರೆ ಅಕ್ಷರ ಬೇರೆಯಾಗುತ್ತದೆ, ಅದಕ್ಕೆ ನಿನ್ನ ಕೈಯಲ್ಲೇ ಬರೆದು ಕಳಿಸು. ಮೊದಲ ವಾರಗಳಲ್ಲಿ ಹೇಗೆ ಬಂದಿದೆಯೋ ಹಾಗೇ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗು. ಕಕ್ಕೆ ಹಾಗೇ ಮುಗಿಯುವುದು, ಅದರಲ್ಲಿ ಸುಳ್ಳೇನೂ ಇಲ್ಲ. ಕಾಯಿ ಕಚ್ಚಿದ್ದು ಗೊಂಚಲಿಗೆ ಒಂದೋ ಎರಡೋ ಅಂತ ಹಾಕು. ಕೆಲವಕ್ಕೆ ಹಾಕಬೇಡ. ಯಾರೂ ನಮ್ಮ ಹೊಲಕ್ಕೆ ಬಂದು ನೋಡುವುದಿಲ್ಲ. ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಇದೊಂದು ನನಗಾಗಿ ಮಾಡು. ನಾನು ನಿನ್ನ ಹತ್ತಿರ ಬೇರೆ ಏನನ್ನೂ ಕೇಳುವುದಿಲ್ಲ.

ಸೌಭಾಗ್ಯ


ಸೋಮವಾರ, ೨ ಜೂನ್ ೨೦೨೫

ಸೌಭಾಗ್ಯಳಿಗೆ,

ಹಾಳೆ ಖಾಲಿ ಕಳಿಸಿದ್ದೇನೆ. ಅದರ ಮೇಲೆ ನನ್ನ ಹೆಸರು ಮಾತ್ರ ಬರೆದಿದ್ದೇನೆ, ನೋಡಿದವಳು ಏನೂ ಕಾಣಲಿಲ್ಲ ಅನ್ನುವುದಕ್ಕೆ.

ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಬರೆದಿದ್ದೀಯ. ನಾನು ಸೋಮವಾರ ಒಪ್ಪತ್ತು ಮಾಡುವುದು ಯಾರಿಗೆ ಗೊತ್ತು? ಅಡುಗೆಮನೆಯಲ್ಲಿ ಒಬ್ಬಳೇ ಇರುತ್ತೇನೆ. ಒಂದು ತುತ್ತು ಬಾಯಿಗೆ ಹಾಕಿಕೊಂಡರೆ ಕೇಳುವವರಿಲ್ಲ. ಹಾಕಿಕೊಳ್ಳುವುದಿಲ್ಲ, ಅಷ್ಟೇ. ಇದನ್ನು ನಿನಗೆ ಬಿಡಿಸಿ ಹೇಳಬೇಕಾಯಿತಲ್ಲ ಅಂತ ನನಗೆ ನನ್ನ ಮೇಲೇ ಸಿಟ್ಟು.

ಮೊದಲು ‘ಬಹಳ’ ಅಂತ ಬರೆದಾಗ ನೀನೇ ಬೈದೆ. ಕಂಡಷ್ಟನ್ನು ಕಂಡ ಹಾಗೆ ಬರೆ ಅಂತ ನೀನೇ ಕಲಿಸಿದೆ. ಕಣ್ಣು ಕಾಣದ ಬೆಳಕಿನಲ್ಲಿ ಹೋಗಿ, ಕುತ್ತಿಗೆ ನೋಯಿಸಿಕೊಂಡು, ಒಂದು ಹೂ ಎರಡು ಸಲ ಎಣಿಸಿದೆನೇನೋ ಅಂತ ಮೊದಲಿಂದ ಮತ್ತೆ ಎಣಿಸಿದ್ದೇನೆ. ಈಗ ಕೂತಲ್ಲೇ ಕೂತು ಬರೆ ಅನ್ನುತ್ತೀಯ. ಹಾಗಾದರೆ ಮೊದಲೇ ಹೇಳಬೇಕಿತ್ತು, ರೊಟ್ಟಿ ಬಡಿಯುತ್ತಾ ಬರೆದು ಕೊಡುತ್ತಿದ್ದೆ.

ನಿನ್ನ ಓದು ನಿಲ್ಲಬಾರದು ಅಂತ ನನಗೂ ಇದೆ. ಈ ರೀತಿ ಬೇಡ.

ನಿನ್ನವ್ವ


ಸೋಮವಾರ, ೧೬ ಜೂನ್ ೨೦೨೫

ಸೌಭಾಗ್ಯಳಿಗೆ,

ಎರಡು ಸಲ ಕೊಟ್ರಸ್ವಾಮಿ ಬರಿಗೈಯಲ್ಲಿ ಬಂದ. ಮೊದಲ ಸಲ, “ಕೆಲ್ಸ ಐತಂತಕ್ಕ, ಆಮ್ಯಾಲೆ ಬರೀತಾಳಂತ” ಅಂದ. ಎರಡನೇ ಸಲ ಟಿಕೆಟ್ ಮಷಿನ್ ಒರೆಸುತ್ತಾ ನಿಂತ. ನನಗೆ ಅರ್ಥವಾಯಿತು.

ಭರಮಮ್ಮನ ಮಗ ಕಣ್ಣು ಬಿಟ್ಟಿದ್ದಾನೆ. ಹೋದ ಗುರುವಾರ ಮನೆಗೆ ಕರೆತಂದರು. ಮಾತು ಇನ್ನೂ ತೊದಲು, ಆದರೆ ಅವ್ವನ ಗುರುತು ಹಿಡಿದ. ಭರಮಮ್ಮ ಗಿಡಕ್ಕೆ ಕಾಯಿ ಒಡೆದು ಊರಿಗೆಲ್ಲ ಸಕ್ಕರೆ ಹಂಚಿದಳು. ನನಗೂ ತಂದು ಕೊಟ್ಟಳು. ಸಂತೋಷದಿಂದಲೇ ತಿಂದೆ. ತಿನ್ನುವಾಗಲೇ ಗೊತ್ತಾಯಿತು, ಇನ್ನು ಆ ಗಿಡ ನಮ್ಮ ಕೈಗೆ ಬರುವುದಿಲ್ಲ ಅಂತ. ಆಸ್ಪತ್ರೆಯವರು ಅಷ್ಟು ದಿನ ಕಷ್ಟಪಟ್ಟದ್ದನ್ನು ಯಾರೂ ಕೇಳುವುದಿಲ್ಲ.

ನಾಲ್ಕು ದಿನದಲ್ಲಿ ನೀನು ಎಲ್ಲರ ಮುಂದೆ ನಿಲ್ಲಬೇಕು. ಖಾಲಿ ಹಾಳೆ ಯಾಕೆ ಖಾಲಿ ಅಂತ ಕೇಳುತ್ತಾರೆ. ಅದಕ್ಕೆ ಲಕ್ಷ್ಮಿದೇವಿ ಮೇಡಂಗೆ ಒಂದು ಕಾಗದ ಬರೆದಿದ್ದೇನೆ. ಇದರ ಜೊತೆಗಿದೆ, ಅಂಟಿಸಿಲ್ಲ. ಮೊದಲು ನೀನು ಓದು. ನೀನು ಹಾಳೆ ಖಾಲಿ ಬಿಟ್ಟಿದ್ದರೆ ಇದು ನಿನಗೆ ಆಸರೆ. ತುಂಬಿಬಿಟ್ಟಿದ್ದರೆ ಇದು ನಿನ್ನನ್ನು ಸಿಕ್ಕಿಸುತ್ತದೆ. ಹಾಗಿದ್ದರೆ ಹರಿದು ಹಾಕು. ನಾನು ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನವ್ವ


(ಜೊತೆಗಿದ್ದ ಕಾಗದ)

ಲಕ್ಷ್ಮಿದೇವಿ ಮೇಡಂ ಅವರಿಗೆ ಕೊಟ್ಟೂರು ತಾಲ್ಲೂಕಿನ ತಿಪ್ಪೇರುದ್ರಮ್ಮ ಮಾಡುವ ನಮಸ್ಕಾರಗಳು.

ನಾನು ಸೌಭಾಗ್ಯಳ ತಾಯಿ. ಏಳನೆಯ ಕ್ಲಾಸು ಓದಿದ್ದೇನೆ. ನಿಮ್ಮ ಹಾಳೆಯಲ್ಲಿ ಮೇ ಇಪ್ಪತ್ತೈದರ ತನಕ ಬರೆದ ಅಂಕಿ ನಾನೇ ಕಣ್ಣಾರೆ ಎಣಿಸಿದ್ದು. ಮೊದಲ ಮೂರು ದಿನ ನನಗೆ ತಿಳಿಯದೆ ಬೇರೆ ರೀತಿ ಬರೆದಿದ್ದೇನೆ, ಅದನ್ನು ಬಿಡಿ.

ಅದರ ನಂತರ ಎಣಿಸಲು ಆಗಲಿಲ್ಲ. ಮಗಳು ನೀಲಿ ನೈಲಾನ್ ದಾರ ಕೊಟ್ಟಿದ್ದಳು. ಅದು ಕುರಿಬಲೆಗೆ ಹೋಯಿತು. ನಾನು ಅರಿಶಿನ ದಾರ ಕಟ್ಟಿದೆ. ನಮ್ಮ ಕಡೆ ಗಿಡಕ್ಕೆ ಅರಿಶಿನ ದಾರ ಕಂಡರೆ ಹರಕೆ ಅಂತ ತಿಳಿಯುತ್ತಾರೆ. ಇದು ನನಗೆ ಮೊದಲೇ ತಲೆಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಜನ ಬಂದು ಕಟ್ಟಿದರು, ಹೂ ಕಿತ್ತರು. ಬಿಚ್ಚು ಅಂತ ಮಗಳು ಹೇಳಿದಳು. ನಾನು ಬಿಚ್ಚಲಿಲ್ಲ. ತಪ್ಪು ನನ್ನದು, ಹುಡುಗಿಯದ್ದಲ್ಲ.

ಅವಳು ಚಿಕ್ಕವಳಿದ್ದಾಗಿನಿಂದ ಗಿಡದ ಕೆಳಗೇ ಬೆಳೆದವಳು. ನನ್ನ ದೆಸೆಯಿಂದ ಅವಳ ಓದು ನಿಂತರೆ ನನಗೆ ಸಮಾಧಾನವಿರುವುದಿಲ್ಲ. ಇಷ್ಟೇ ಹೇಳಬೇಕಾಗಿತ್ತು.

ಇಂತಿ
ತಿಪ್ಪೇರುದ್ರಮ್ಮ


೨೧ ಜೂನ್ ೨೦೨೫

ಅವ್ವಾ,

ನಾನು ತುಂಬಿಬಿಟ್ಟಿದ್ದೆ. ನಿನ್ನ ಅಕ್ಷರದ ಹಾಗೆಯೇ ಬರೆಯುವುದನ್ನು ಅಭ್ಯಾಸ ಮಾಡಿ ತುಂಬಿದ್ದೆ. ಆ ಅಂಕಿಗಳಿಂದ ಬರೆದ ಗ್ರಾಫಿನ ಚಿತ್ರ ಎಷ್ಟು ಚಂದ ಬಂದಿತ್ತು ಅಂದರೆ, ಗೋಡೆಗೆ ಅಂಟಿಸಿದಾಗ ಕೋಮಲಾ ಬಂದು ನೋಡಿ, “ನಿಮ್ಮಮ್ಮ ಎಷ್ಟ್ ನೀಟಾಗಿ ಎಣ್ಸಿದಾರೆ ಕಣೇ. ನಮ್ಮಮ್ಮಂಗೆ ಹೇಳಿದ್ರೆ ಹೋಗೇ ಅಂತಿದ್ರು” ಅಂದಳು. ಅವಳ ಮುಖ ನೋಡದೆ ಚಿತ್ರದ ಮೂಲೆಯನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ.

ಹತ್ತೊಂಬತ್ತರ ಸಂಜೆ ಮಾವ ಗೇಟಿನ ಹತ್ತಿರ ಕಾಗದ ಕೊಟ್ಟ. ಅಲ್ಲೇ ನಿಂತು ಎರಡನ್ನೂ ಓದಿದೆ. ಹರಿಯಬೇಕು ಅಂತ ಮಡಚಿ ಹಿಡಿದೆ. ಹರಿಯಲಿಲ್ಲ. ಅದನ್ನೂ ಗೋಡೆಯ ಚಿತ್ರವನ್ನೂ ತಗೊಂಡು ಮೇಡಂ ರೂಮಿಗೆ ಹೋದೆ.

ಅವರು ನಿನ್ನ ಕಾಗದವನ್ನು ಎರಡು ಸಲ ಓದಿದರು. “ಇದರಲ್ಲಿ ನೀನು ತುಂಬಿದ್ದು ಯಾವುದು?” ಅಂತ ಕೇಳಿ ಕೆಂಪು ಪೆನ್ನು ಕೊಟ್ಟರು. ನನ್ನ ಕೈಯಿಂದಲೇ ಹೊಡೆದು ಹಾಕಿದೆ. ಬೈಯಲಿಲ್ಲ. “ನಾಳೆ ಕಂಡದ್ದನ್ನಷ್ಟೇ ಹೇಳು” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅರ್ಧ ಚಿತ್ರ ಇಟ್ಟುಕೊಂಡು ಎಲ್ಲರ ಮುಂದೆ ನಿಂತೆ. ಉಳಿದರ್ಧ ಎಲ್ಲಿ ಅಂತ ಕೇಳಿದರು. ದಾರದ ವಿಷಯ ಹೇಳಿದೆ. ಎಲ್ಲರೂ ನಕ್ಕರು. ಕೆಟ್ಟ ನಗೆ ಅಲ್ಲ, ಆದರೆ ನಕ್ಕರು. ಒಂದು ವರ್ಷದ ಜಾಗ ಕೋಮಲಾಗೆ ಸಿಕ್ಕಿತು. ಅವಳಿಗೆ ಸಿಗಬೇಕಾದ್ದೇ. ಮೇಡಂ ಆಮೇಲೆ ಕರೆದು, ನೀನಾಗಿ ಬಂದು ಹೇಳಿದ್ದಕ್ಕೆ ನಿನ್ನ ಸರ್ಟಿಫಿಕೇಟ್ ತಡೆಯುವುದಿಲ್ಲ, ಆದರೆ ಶಿಫಾರಸು ಕೇಳಬೇಡ ಅಂದರು.

ನಿನಗೆ ಬೇಕಾದದ್ದು ಆಯಿತಲ್ಲ.

ಮೂವತ್ತಕ್ಕೆ ಇಲ್ಲಿ ಮುಗಿಯುತ್ತದೆ. ನಾನು ಊರಿಗೆ ಬರುವುದಿಲ್ಲ. ರಜೆಗೆ ಮನೆಗೆ ಹೋಗುವ ಕೋಮಲಾ ಜೊತೆ ಹರಪನಹಳ್ಳಿಗೆ ಹೋಗುತ್ತೇನೆ. ಅಲ್ಲಿ ಯಾವುದಾದರೂ ನರ್ಸರಿಯಲ್ಲಿ ಕೆಲಸ ಸಿಗಬಹುದು. ಮನೆಗೆ ಬರಬೇಕಾದರೆ ಆ ಗಿಡ ದಾಟಿ ಬರಬೇಕು. ಅದು ನನ್ನಿಂದ ಆಗುವುದಿಲ್ಲ.

ಸೌಭಾಗ್ಯ


ಸೋಮವಾರ, ೨೩ ಜೂನ್ ೨೦೨೫

ಸೌಭಾಗ್ಯಳಿಗೆ ನಿನ್ನವ್ವನ ಆಶೀರ್ವಾದ.

ಇವತ್ತು ಒಪ್ಪತ್ತು ಅಂತ ಮತ್ತೆ ಬರೆಯುವುದಿಲ್ಲ, ಅದು ನಿನಗೆ ಚುಚ್ಚುತ್ತದೆ.

ನಿನಗೆ ಬೇಕಾದದ್ದು ಆಯಿತಲ್ಲ ಅಂತ ಬರೆದಿದ್ದೀಯ. ಓದಿ ಕಾಗದವನ್ನು ಕಣಜದ ಮೇಲಿಟ್ಟು ಹಟ್ಟಿಗೆ ಹೋದೆ. ಎಲ್ಲಾ ಹಿಕ್ಕೆ ಗುಡಿಸಿ ಮುಗಿದ ಮೇಲೂ ಗುಡಿಸುತ್ತಲೇ ಇದ್ದೆ. ನನಗೆ ಬೇಕಾಗಿದ್ದು ನೀನು ಸುಳ್ಳು ಬರೆಯದೆಯೂ ಗೆಲ್ಲುವುದು. ಎರಡೂ ಬೇಕಿತ್ತು. ಎರಡೂ ಸಿಗಲಿಲ್ಲ. ಸತ್ಯ ಹೇಳು ಅಂತ ನಾನು ಇಲ್ಲಿ ಕೂತು ಬರೆದೆ. ಅಷ್ಟು ಮಂದಿಯ ಮುಂದೆ ನಿಂತವಳು ನೀನು. ನನ್ನ ಪಾಲಿಗೆ ಅದು ಬರೀ ಕಾಗದದ ಖರ್ಚು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಆದರೆ ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ ಅನ್ನುವುದು ಯಾವ ಬುದ್ಧಿ? ಬೇರೆಯವರ ಗಿಡಕ್ಕೆ ನೀರು ಹಾಕಲು ಇಷ್ಟು ಓದಬೇಕಿತ್ತೇ?

ನಿನ್ನೆ ನಿಮ್ಮಪ್ಪ ಕುರಿ ಕೂಡಿ ಹಾಕಿ ಬಂದಾಗ ಹೇಳಿದೆ, ಸೌಭಾಗ್ಯ ಎಂ.ಎಸ್ಸಿ. ಓದುತ್ತಾಳೆ ಅಂತ.

“ಮುಂದ ಓದ್ಸದು ಬ್ಯಾಡ ಅಂತ ಮಾತಾಗಿತ್ತಲ್ಲ?” ಅಂದರು.

“ನೀವು ಅಂದಿದ್ರಿ. ನಾ ಅಂದಿದ್ದಿಲ್ಲ.”

“ಅಲ್ಲೇ ಸೋತಾಳಂತ. ಇನ್ ಮುಂದ ಏನ್ ಗೆಲ್ತಾಳ?”

“ಸೋತಿಲ್ರಿ. ಸುಮ್ನ ಇದ್ದಿದ್ರ ಗೆಲ್ತಿದ್ಲು. ತಾನ ಬರ್ದಿದ್ನ ತಾನ ಹೊಡ್ದು ಹಾಕ್ಯಾಳ. ನಿಮ್ಮ ಹಟ್ಟ್ಯಾಗ ಅಂಥದೊಂದು ಮರಿ ಐತೇನು?”

ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ, “ಯಾವ ಊರಾಗಂತ ಓದದು?” ಅಂದರು. ಇಷ್ಟು ವರ್ಷ ಬಾಳಿದ ನನಗೆ ಗೊತ್ತು, ಅವರು ಊರು ಕೇಳಿದರೆ ಒಪ್ಪಿದ ಹಾಗೆ.

ಬೆಳಿಗ್ಗೆ ಕಾನಹೊಸಹಳ್ಳಿಗೆ ಹೋಗಿ ನಮ್ಮ ನಂಟರ ಹುಡುಗ ಅಂಜಿನೇಯಲುವಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದೆ. ಎಂ.ಎಸ್ಸಿ.ಗೆ ಅರ್ಜಿ ಹಾಕು ಅಂದೆ. “ಯಾವ ವಿಷಯಕ್ಕಬೇ ಚಿಗವ್ವ?” ಅಂದ. “ಗಿಡದ್ದು” ಅಂದೆ. “ಗಿಡದ್ದು ಅಂತ ಯಾವ್ದೂ ಇಲ್ಲ ಇಲ್ಲಿ, ಸಸ್ಯಶಾಸ್ತ್ರ ಐತಿ, ತೋಟಗಾರಿಕಿ ಐತಿ, ಅರಣ್ಯ ಐತಿ” ಅಂತ ಓದುತ್ತಾ ಹೋದ. ಇಷ್ಟು ದಿನ ಮಗಳು ಏನು ಓದುತ್ತಾಳೆ ಅಂತ ಸರಿಯಾಗಿ ಕೇಳದೆ ಇದ್ದೆನಲ್ಲ ಅಂತ ಅಲ್ಲೇ ಸ್ಟೂಲಿನ ಮೇಲೆ ಕೂತು ನಾಚಿಕೆಯಾಯಿತು. “ಕೊನೇ ದಿನ ಶನಿವಾರ ಐತಿ. ಆಕೀನ ಕೇಳಿ ಬಾ, ನಾ ಬಾಗ್ಲಾ ಹಾಕಂಗಿಲ್ಲ” ಅಂದಿದ್ದಾನೆ.

ಆದ್ದರಿಂದ ಯಾವ ವಿಷಯ ಅಂತ ಬರೆ. ನನ್ನ ಮೇಲಿನ ಸಿಟ್ಟು ಇರಲಿ, ಅದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಸಿಟ್ಟಿನಲ್ಲೇ ಬರೆ. ಹರಪನಹಳ್ಳಿಗೆ ಹೋಗುವುದಾದರೆ ಹೋಗಿ ನಾಲ್ಕು ದಿನ ಇದ್ದು ಬಾ. ಬರುವಾಗ ಆ ಕೋಮಲಾನ್ನೂ ಕರೆದುಕೊಂಡು ಬಾ, ಹೋಗೇ ಅನ್ನುವ ಅವ್ವನ ಮಗಳನ್ನು ನಾನೂ ನೋಡಬೇಕು.

ನಿನ್ನವ್ವ
ತಿಪ್ಪೇರುದ್ರಮ್ಮ


(ಲಕೋಟೆಯ ಹಿಂಬದಿ)

ತಮ್ಮ ಕೊಟ್ರಸ್ವಾಮಿ,

ಇದನ್ನು ಗೇಟಿನ ವಾಚ್‌ಮನ್ ಕೈಗೆ ಕೊಟ್ಟು ಬರಬೇಡ. ಒಳಗೆ ಹೋಗಿ ಅವಳ ಕೈಗೇ ಕೊಡು. ಆಮೇಲೆ ಬರೀತೀನಿ ಮಾವ ಅನ್ನುತ್ತಾಳೆ, ಒಪ್ಪಬೇಡ. ನಿನ್ನ ಜೇಬಿನ ಪೆನ್ನು ಕೊಟ್ಟು ಅಲ್ಲೇ ನಿಲ್ಲು. ಬಸ್ಸಿನಲ್ಲಿ ಮಂದಿ ಕೂಗಿದರೆ ಕೂಗಲಿ, ಡ್ರೈವರ್‌ಗೆ ಒಂದು ಚಹ ಕುಡಿಸು. ಒಂದೇ ಪದ ಬರೆದರೂ ಸಾಕು, ಆದರೆ ಶುಕ್ರವಾರದೊಳಗೆ ಅವಳ ಉತ್ತರ ತಗೊಂಡೇ ಬಾ.